ಜ್ಞಾನಕ್ಕೆ ಯಾವ ಸೆಲ್? ಬೆಳವಣಿಗೆ ಸಿದ್ಧಾಂತಗಳ ಸ್ಪ್ರೆಡ್‌ಶೀಟ್: ಐದು ಶೀಟ್ ಮುಗಿದ ಮೇಲಿನ ಟಿಪ್ಪಣಿ

ಸೋಲೋ, ಆರೋ, ರೋಮರ್, ಜೋನ್ಸ್ ಎಂಬ ಅರ್ಥಶಾಸ್ತ್ರಜ್ಞರ ಆರ್ಥಿಕ ಬೆಳವಣಿಗೆಯ ಮಾದರಿಗಳನ್ನು ಒಂದೇ ಲಿಬ್ರೆಆಫೀಸ್ ಕ್ಯಾಲ್ಕ್ ಫೈಲಿನಲ್ಲಿ, ಮ್ಯಾಕ್ರೋ ಇಲ್ಲದೆ, ಬರೀ ಸೂತ್ರಗಳಲ್ಲಿ ಕಟ್ಟುವ ಕೆಲಸ ಇದು. ಒಂದು ಸಾಲು ಅಂದರೆ ಒಂದು ವರ್ಷ. ಕಟ್ಟುತ್ತ ಹೋದಂತೆ ಒಂದು ಸಂಗತಿ ಎದ್ದು ಕಾಣುತ್ತದೆ: ಬಂಡವಾಳ, ದುಡಿಮೆ, ಸವಕಳಿ ಎಲ್ಲ ಶೀಟಿನಲ್ಲೂ ಇದ್ದಲ್ಲೇ ಇವೆ. ಜ್ಞಾನದ ಕಾಲಮ್ಮಿಗೆ ಸಂಖ್ಯೆ ಎಲ್ಲಿಂದ ಬರಬೇಕು ಎಂಬುದೇ ಇಷ್ಟು ವರ್ಷಗಳ ಜಗಳ.

ಶುರು ಮಾಡುವವರಿಗೆ ಒಂದೇ ಎಚ್ಚರಿಕೆ. ಉಳಿತಾಯ ದರ, ಘಾತಾಂಕ ಇತ್ಯಾದಿಗಳನ್ನು ಮೇಲಿನ ಸಾಲುಗಳಲ್ಲಿ ಬೇರೆಯಾಗಿ ಇಟ್ಟು, ಸೂತ್ರದಲ್ಲಿ ಡಾಲರ್ ಚಿಹ್ನೆ ಹಾಕಿ ಕಟ್ಟಿಹಾಕಿ. ಮರೆತರೆ ಸೂತ್ರವನ್ನು ಕೆಳಗೆ ಎಳೆದಾಗ ಅದು ಖಾಲಿ ಸೆಲ್ ಓದುತ್ತದೆ, ದೋಷವನ್ನೂ ತೋರಿಸುವುದಿಲ್ಲ. ಉಳಿತಾಯ ಸೊನ್ನೆಯಾಗಿ ಆರ್ಥಿಕತೆ ಸದ್ದಿಲ್ಲದೆ ಸೊರಗುತ್ತದೆ.

ಶೀಟ್ 1: ಸೋಲೋ, 1956

ಉತ್ಪನ್ನದ ಸೂತ್ರದಲ್ಲಿ ಬಂಡವಾಳದ ಘಾತಾಂಕ ಮೂರನೇ ಒಂದು, ಉಳಿತಾಯ 0.24, ಜನಸಂಖ್ಯೆ ಏರಿಕೆ ಶೇ. 1, ತಂತ್ರಜ್ಞಾನ ಶೇ. 2, ಸವಕಳಿ ಶೇ. 5. ಪಠ್ಯಪುಸ್ತಕದ ಸೂತ್ರದಂತೆ ಬಂಡವಾಳ ಮತ್ತು ಉತ್ಪನ್ನದ ಅನುಪಾತ 0.24 ಭಾಗಿಸು 0.08 (ಶೇ. 1, 2, 5ರ ಮೊತ್ತ), ಅಂದರೆ ಸರಿಯಾಗಿ 3 ಬರಬೇಕು. ಶೀಟ್ ಮಾತ್ರ 2.993ಕ್ಕೆ ಬಂದು ನಿಲ್ಲುತ್ತದೆ. ಇದು ತಪ್ಪಲ್ಲ. ಪುಸ್ತಕದ ಸೂತ್ರ ಕ್ಷಣಕ್ಷಣವೂ ಹರಿಯುವ ಕಾಲದ್ದು, ಇಲ್ಲಿ ವರ್ಷಕ್ಕೊಂದು ಹೆಜ್ಜೆ. 1.01 ಗುಣಿಸು 1.02 ಅಂದರೆ 1.0302, ಹಾಗಾಗಿ ಛೇದ 0.0802.

ಪರೀಕ್ಷೆಗೆ ಉಳಿತಾಯವನ್ನು ದಿಢೀರನೆ 0.48ಕ್ಕೆ ಏರಿಸಿ. ಮರುವರ್ಷ ತಲಾ ಉತ್ಪನ್ನ ಶೇ. 4.6 ಬೆಳೆಯುತ್ತದೆ, ಆಮೇಲೆ ಜಾರುತ್ತ ಬಂದು ಮತ್ತೆ ಶೇ. 2ಕ್ಕೇ ಕೂರುತ್ತದೆ. ಬಂಡವಾಳ ಮತ್ತು ಉತ್ಪನ್ನದ ಅನುಪಾತಕ್ಕೂ ಅದರ ಹೊಸ ಮಟ್ಟಕ್ಕೂ ಇರುವ ಅಂತರ ಅರ್ಧಕ್ಕಿಳಿಯಲು ಸುಮಾರು 13 ವರ್ಷ ಬೇಕು. ಕೊನೆಗೆ ಉಳಿಯುವ ಲಾಭ ಮಟ್ಟದಲ್ಲಿ 1.41 ಪಟ್ಟು ಏರಿಕೆ. ವೇಗದಲ್ಲಿ ಏನೂ ಇಲ್ಲ. ಆ ಶೇ. 2 ಕೈಯಾರೆ ಬರೆದಿಟ್ಟ ಸಂಖ್ಯೆ. ಅದು ಎಲ್ಲಿಂದ ಬಂತು ಅಂದರೆ ಶೀಟ್ ಬಾಯಿ ಬಿಡುವುದಿಲ್ಲ.

ಶೀಟ್ 2: ಸೋಲೋ, 1957

ಈ ಪ್ರಬಂಧದ ಶೇ. 87.5 ಎಲ್ಲರ ಬಾಯಲ್ಲೂ ಇದೆ: 1909ರಿಂದ 1949ರವರೆಗೆ ಅಮೆರಿಕದ ಕೃಷಿಯೇತರ ಖಾಸಗಿ ವಲಯದಲ್ಲಿ ದುಡಿಮೆಯ ಒಂದು ಗಂಟೆಗೆ ಸಿಗುವ ಉತ್ಪನ್ನದ ಏರಿಕೆಯಲ್ಲಿ ಎಂಟನೇ ಏಳು ಭಾಗ ತಾಂತ್ರಿಕ ಬದಲಾವಣೆಯದ್ದು ಎಂದು. ಇದನ್ನು ಮರಳಿ ಪಡೆಯಲು ಮೂರೇ ಸಂಖ್ಯೆ ಸಾಕು. ಗಂಟೆಯ ಉತ್ಪನ್ನ 0.623 ಡಾಲರ್‌ನಿಂದ 1.275 ಡಾಲರ್‌ಗೆ ಏರಿತು. ತಂತ್ರಜ್ಞಾನ ಸೂಚ್ಯಂಕ 1ರಿಂದ 1.809 ಆಯಿತು. 1.275 ಅನ್ನು 1.809ರಿಂದ ಭಾಗಿಸಿದರೆ 0.705, ಅಂದರೆ ತಂತ್ರಜ್ಞಾನ ಬದಲಾಗದಿದ್ದರೆ ಸಿಗುತ್ತಿದ್ದ ಉತ್ಪನ್ನ. ಒಟ್ಟು ಏರಿಕೆ 0.652, ಅದರಲ್ಲಿ ಬಂಡವಾಳದ ಪಾಲು 0.082, ಅಂದರೆ ಎಂಟನೇ ಒಂದು.

ಈಗ ಅದೇ ಸಂಖ್ಯೆಗಳನ್ನು ಸ್ವಾಭಾವಿಕ ಲಾಗ್‌ನಲ್ಲಿ (LN) ಹಂಚಿ ನೋಡಿ. 1.809ರ ಲಾಗ್ 0.593, ಒಟ್ಟು ಅನುಪಾತದ ಲಾಗ್ 0.716, ತಂತ್ರಜ್ಞಾನದ ಪಾಲು ಶೇ. 83ಕ್ಕೆ ಇಳಿಯುತ್ತದೆ. ಕಾರಣ ಸರಳ. ಬಂಡವಾಳ, ತಂತ್ರಜ್ಞಾನ ಎರಡೂ ಪರಸ್ಪರ ಗುಣಿಸಿಕೊಳ್ಳುವ ಅಂಶಗಳು, ಕೂಡಿಕೊಳ್ಳುವಂಥವಲ್ಲ. ಡಾಲರಿನಲ್ಲಿ ಕಳೆಯುತ್ತ ಹೋದರೆ ಎರಡೂ ಸೇರಿ ಮಾಡಿದ್ದೆಲ್ಲ ತಂತ್ರಜ್ಞಾನದ ಲೆಕ್ಕಕ್ಕೆ ಬೀಳುತ್ತದೆ. ತೀರ್ಮಾನ ಬುಡಮೇಲಾಗುವುದಿಲ್ಲ, ನಿಜ. ಆದರೂ 87.5 ಎಂದು ದಶಾಂಶ ಹಿಡಿದು ಉಲ್ಲೇಖಿಸುವವರು ಯಾವ ವಿಧಾನ ಅಂತಲೂ ಹೇಳುವುದು ಒಳ್ಳೆಯದು.

ಬೀಳಬಹುದಾದ ಇನ್ನೆರಡು ಗುಂಡಿಗಳು. ಸೋಲೋ ಬಂಡವಾಳದ ಸರಣಿಯನ್ನು ನಿರುದ್ಯೋಗದ ಪ್ರಮಾಣಕ್ಕೆ ತಕ್ಕಂತೆ ತಗ್ಗಿಸಿದ್ದರು, ಸುಮ್ಮನೆ ನಿಂತ ಯಂತ್ರ ಲೆಕ್ಕಕ್ಕೆ ಬರಬಾರದು ಅಂತ. ಅದನ್ನು ಬಿಟ್ಟರೆ 1930ರ ದಶಕದಲ್ಲಿ ಜನ ಇದ್ದಕ್ಕಿದ್ದಂತೆ ವಿದ್ಯೆ ಮರೆತಂತೆ ಶೇಷ (ಬಂಡವಾಳ, ದುಡಿಮೆಯ ಪಾಲು ಕಳೆದ ಮೇಲೆ ಉಳಿದು ತಂತ್ರಜ್ಞಾನದ ಲೆಕ್ಕಕ್ಕೆ ಹೋಗುವ ಭಾಗ) ಕುಸಿಯುತ್ತದೆ. ಎರಡನೆಯದು, 1943ರಿಂದ 1949ರ ಬಿಂದುಗಳು ಅವರ ನಕ್ಷೆಯಲ್ಲಿ ಉಳಿದವುಗಳ ಸಾಲು ಬಿಟ್ಟು ಕೂತಿದ್ದವು. ಅದು ಅರ್ಥಶಾಸ್ತ್ರವಲ್ಲ, ಅಂಕಗಣಿತದ ತಪ್ಪು ಎಂದು 1958ರಲ್ಲಿ ವಾರೆನ್ ಹೋಗನ್ ತೋರಿಸಿದರು. ಬಿಂದುಗಳು ಗುಂಪಾಗಿ ದಾರಿ ತಪ್ಪಿದರೆ ಸಿದ್ಧಾಂತ ಹೆಣೆಯುವ ಮೊದಲು ಭಾಗಾಕಾರ ನೋಡಿ. ಈ ಶೇಷವನ್ನು ಮೋಸೆಸ್ ಅಬ್ರಾಮೊವಿಟ್ಸ್ 1956ರಲ್ಲೇ ನಮ್ಮ ಅಜ್ಞಾನದ ಅಳತೆ ಎಂಬರ್ಥದಲ್ಲಿ ಕರೆದಿದ್ದರು.

ಶೀಟ್ 3: ಮಾಡುತ್ತ ಕಲಿಯುವುದು

ಇಲ್ಲಿ ಮೊದಲ ಬಾರಿಗೆ ಜ್ಞಾನದ ಸೆಲ್ ಬೇರೆ ಸೆಲ್‌ನಿಂದ ಹುಟ್ಟುತ್ತದೆ. ಟಿ. ಪಿ. ರೈಟ್ 1936ರಲ್ಲಿ ವಿಮಾನ ತಯಾರಿಕೆಯಲ್ಲಿ ಕಂಡದ್ದು: ಒಟ್ಟು ತಯಾರಾದ ಸಂಖ್ಯೆ ದುಪ್ಪಟ್ಟಾದಾಗಲೆಲ್ಲ ದುಡಿಮೆಯ ವೆಚ್ಚ ಹಿಂದಿನದರ ಶೇ. 80ಕ್ಕೆ ಇಳಿಯುತ್ತದೆ. ಘಾತಾಂಕ ಅಂದರೆ 0.8ರ ಲಾಗ್ ಭಾಗಿಸು 2ರ ಲಾಗ್, ಋಣ 0.322. ಮೊದಲನೆಯದಕ್ಕೆ 1,000 ಗಂಟೆ ಹಿಡಿದರೆ 2ನೆಯದಕ್ಕೆ 800, 4ನೆಯದಕ್ಕೆ 640, 100ನೆಯದಕ್ಕೆ 227.

ಎಲ್ಲರೂ ಎಡವುವುದು ಇಲ್ಲೇ. ರೈಟ್ ಹೇಳಿದ್ದು ಅಲ್ಲಿಯವರೆಗಿನ ಎಲ್ಲದರ ಸರಾಸರಿ, ಆ ಒಂದು ವಿಮಾನದ ಗಂಟೆ ಅಲ್ಲ. ಸರಾಸರಿ 800 ಅಂದರೆ ಎರಡಕ್ಕೂ ಸೇರಿ 1,600. ಹಾಗಾದರೆ 2ನೆಯದಕ್ಕೆ 600 ಗಂಟೆ ಮಾತ್ರ. ಎರಡು ಓದುಗಳ ನಡುವೆ ಎರಡನೇ ವಿಮಾನಕ್ಕೇ 200 ಗಂಟೆ ವ್ಯತ್ಯಾಸ! ಕಾಲಂ ತಲೆಬರಹದಲ್ಲಿ ಯಾವುದು ಎಂದು ಬರೆದಿಡಿ.

1962ರಲ್ಲಿ ಕೆನೆತ್ ಆರೋ ಇದನ್ನು ಇಡೀ ಆರ್ಥಿಕತೆಗೆ ಹಿಗ್ಗಿಸಿದರು. ಸ್ವೀಡನ್ನಿನ ಹೋರ್ನ್‌ಡಾಲ್ ಉಕ್ಕಿನ ಕಾರ್ಖಾನೆಯಲ್ಲಿ 15 ವರ್ಷ ಹೊಸ ಹೂಡಿಕೆ ಇಲ್ಲದಿದ್ದರೂ ಗಂಟೆಯ ಉತ್ಪನ್ನ ವರ್ಷಕ್ಕೆ ಸುಮಾರು ಶೇ. 2 ಏರಿದ ಉದಾಹರಣೆ ಅವರ ಕೈಯಲ್ಲಿತ್ತು. ಆದರೆ ಅನುಭವದ ಅಳತೆಗೋಲಾಗಿ ಅವರು ಆರಿಸಿದ್ದು ಒಟ್ಟು ಉತ್ಪಾದನೆಯನ್ನಲ್ಲ, ಒಟ್ಟು ಹೂಡಿಕೆಯನ್ನು. ಹೊಸ ಯಂತ್ರ ಬಂದಾಗಲೇ ಕಲಿಯಲು ಹೊಸದೇನಾದರೂ ಇರುತ್ತದೆ ಎಂಬ ವಾದ. ವಿಚಿತ್ರವೆಂದರೆ, ಅವರದೇ ಸಾಕ್ಷಿಯಾದ ಹೋರ್ನ್‌ಡಾಲ್ ಈ ಅಳತೆಗೋಲಿಗೆ ಒಗ್ಗುವುದಿಲ್ಲ. ಜನಸಂಖ್ಯೆ ಏರಿಕೆಯ ಸೆಲ್‌ಗೆ ಸೊನ್ನೆ ಹಾಕಿದರೆ ತಲಾ ಬೆಳವಣಿಗೆಯೂ ನಿಧಾನವಾಗಿ ಸೊನ್ನೆಗೆ ಬರುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ಶೀಟ್ 5ರಲ್ಲಿ ಮತ್ತೆ ಬರುತ್ತದೆ.

ಶೀಟ್ 4: ರೋಮರ್, 1986 (ಸರಳಗೊಳಿಸಿದ ರೂಪ)

ಒಬ್ಬರ ಹೂಡಿಕೆಯಿಂದ ಹುಟ್ಟಿದ ಜ್ಞಾನ ಎಲ್ಲರಿಗೂ ಸೋರುತ್ತದೆ. ಬಂಡವಾಳದ ಸ್ವಂತ ಘಾತಾಂಕ ಮೂರನೇ ಒಂದು, ಸೋರಿಕೆಯದ್ದು ಬೇರೆ ಸೆಲ್. ಎರಡೂ ಸೇರಿ ಸರಿಯಾಗಿ 1 ಆದರೆ ಬೆಳವಣಿಗೆ ತಾನಾಗಿ ಶೇ. 2ರಲ್ಲಿ ನಡೆಯುವಂತೆ ಗುಣಕ 0.2917 ಇಡಿ, 0.24ರಿಂದ ಗುಣಿಸಿದರೆ 0.07, ಸವಕಳಿ ಕಳೆದು 0.02.

ಸೋರಿಕೆ 0.60 ಆದರೆ ಬಂಡವಾಳ ಮೊದಲಿನ 156 ಪಟ್ಟು ಆಗಿ ನಿಂತುಬಿಡುತ್ತದೆ. 0.70 ಆದರೆ ಬೆಳವಣಿಗೆ ವೇಗ ಹೆಚ್ಚುತ್ತಲೇ ಹೋಗಿ, ನಿರಂತರ ಕಾಲದ ಲೆಕ್ಕದಲ್ಲಿ ಸುಮಾರು 750 ವರ್ಷಕ್ಕೆ ಅನಂತ ಮುಟ್ಟುತ್ತದೆ. ವರ್ಷದ ಹೆಜ್ಜೆಯ ಶೀಟಿನಲ್ಲಿ ಅದಕ್ಕಿಂತ ತಡವಾಗಿ ಸಂಖ್ಯೆ ಉಕ್ಕಿ ದೋಷ ಬರುತ್ತದೆ. ಕತ್ತಿಯ ಅಲುಗಿನ ಮೇಲೆ ನಡೆದಂತೆ. ಇನ್ನೊಂದು: ಮೂರನೇ ಎರಡು ಎಂದು ಟೈಪ್ ಮಾಡುವಾಗ 0.67 ಹಾಕಬೇಡಿ, 2/3 ಎಂದೇ ಬರೆಯಿರಿ. 0.67 ಅಂದರೆ ಆಗಲೇ ಅಲುಗಿನ ಆ ಕಡೆ.

ಶೀಟ್ 5: ರೋಮರ್ 1990, ಜೋನ್ಸ್ 1995

ಮೊದಲು ಸಂಭಾವನೆಯ ಕಾಲಂ. ಉತ್ಪನ್ನ 100 ಇದ್ದು ಪ್ರತಿಯೊಬ್ಬರಿಗೂ ಅವರವರ ಸೀಮಾಂತ ಉತ್ಪನ್ನ (ಇನ್ನೊಂದು ಘಟಕ ಸೇರಿಸಿದಾಗ ಹೆಚ್ಚುವ ಉತ್ಪನ್ನ) ಕೊಟ್ಟರೆ ಬಂಡವಾಳಕ್ಕೆ 33.3, ದುಡಿಮೆಗೆ 66.7. ಮುಗಿಯಿತು. ಹೊಸ ವಿಧಾನ ಕಂಡುಹಿಡಿದವನಿಗೆ ಚಿಕ್ಕಾಸೂ ಉಳಿಯುವುದಿಲ್ಲ. ಅದಕ್ಕೇ 1990ರ ಮಾದರಿಯಲ್ಲಿ ರೋಮರ್ ಪರಿಪೂರ್ಣ ಪೈಪೋಟಿಯನ್ನು ಕೈಬಿಟ್ಟು, ವೆಚ್ಚಕ್ಕಿಂತ ಹೆಚ್ಚಿನ ಬೆಲೆ ಪಡೆಯುವ ಹಕ್ಕುದಾರರನ್ನು ತಂದರು. ಖರ್ಚು ಮಾಡಿದಷ್ಟೂ ವಿದ್ಯಾಧನ ಹೆಚ್ಚುತ್ತದೆ ಎಂಬ ಸುಭಾಷಿತ ನಮಗೆ ಗೊತ್ತು. ಅದು ಹೇಳುವುದು ಅರ್ಧ ಮಾತ್ರ: ಹಂಚಿದರೆ ಸವೆಯದು. ಇತರರನ್ನು ಹೊರಗಿಡಬಹುದೇ ಎಂಬುದು ಬೇರೆಯೇ ಪ್ರಶ್ನೆ. ಮೈಸೂರು ಪಾಕಿನ ಹದ ಹತ್ತು ಮನೆಗೆ ಹೇಳಿದರೂ ಸವೆಯುವುದಿಲ್ಲ, ಆದರೆ ಅಂಗಡಿಯವರು ಅದನ್ನು ಹೇಳದೇ ಇರಬಹುದು.

ಹೊಸ ಜ್ಞಾನದ ಸೂತ್ರ: ಗುಣಕ, ಗುಣಿಸು ಸಂಶೋಧಕರ ಸಂಖ್ಯೆ, ಗುಣಿಸು ಹಳೆಯ ಜ್ಞಾನದ ಒಂದು ಘಾತ. ರೋಮರ್ ಆ ಘಾತಾಂಕವನ್ನು 1 ಎಂದಿಟ್ಟರು. ಹಾಗಿದ್ದರೆ ಸಂಶೋಧಕರು ಐದು ಪಟ್ಟಾದಾಗ ಬೆಳವಣಿಗೆಯೂ ಐದು ಪಟ್ಟಾಗಬೇಕು. ಚಾರ್ಲ್ಸ್ ಜೋನ್ಸ್ ಹಿಡಿದದ್ದು ಇಲ್ಲೇ: ಅಮೆರಿಕದಲ್ಲಿ ಸಂಶೋಧನೆಯಲ್ಲಿರುವ ವಿಜ್ಞಾನಿಗಳು ಮತ್ತು ಎಂಜಿನಿಯರುಗಳು 1950ರಲ್ಲಿ 2 ಲಕ್ಷಕ್ಕಿಂತ ಕಡಿಮೆ, 1987ರಲ್ಲಿ ಹತ್ತಿರ ಹತ್ತಿರ 10 ಲಕ್ಷ. ಶೀಟ್ ಶೇ. 10 ಬೆಳವಣಿಗೆ ತೋರಿಸುತ್ತದೆ. ಅಮೆರಿಕ ಮಾತ್ರ ಶೇ. 2ರ ಆಸುಪಾಸಿನಲ್ಲೇ ಇತ್ತು.

37 ವರ್ಷಕ್ಕೆ ಐದು ಪಟ್ಟು ಅಂದರೆ ವರ್ಷಕ್ಕೆ ಶೇ. 4.4. ಇಷ್ಟು ಏರಿಕೆಯಲ್ಲೂ ಬೆಳವಣಿಗೆ ಶೇ. 2ರಲ್ಲೇ ಇರಲು ಘಾತಾಂಕ ಎಷ್ಟಿರಬೇಕೆಂದು ಹುಡುಕಿದರೆ ಸುಮಾರು ಋಣ 1.2 ಬರುತ್ತದೆ. ಸಂಶೋಧಕರು ಒಂದೇ ಕೆಲಸವನ್ನು ಎರಡೆರಡು ಕಡೆ ಮಾಡುತ್ತಾರೆಂದು ಅವರ ಸಂಖ್ಯೆಗೂ 0.5 ಘಾತಾಂಕ ಕೊಟ್ಟರೆ ಋಣ 0.1. ಎರಡೂ ಸೊನ್ನೆಗಿಂತ ಕೆಳಗೇ. ಘಾತಾಂಕ 1ಕ್ಕಿಂತ ಕಡಿಮೆಯಾದ ಕೂಡಲೇ ದೀರ್ಘಾವಧಿ ಬೆಳವಣಿಗೆ ಸಂಶೋಧಕರ ಏರಿಕೆಯ ದರಕ್ಕೆ ಅಂಟಿಕೊಳ್ಳುತ್ತದೆ. ಆರೋ ಅವರ ಜನಸಂಖ್ಯೆ ಹಿಂಬಾಗಿಲಿನಿಂದ ಒಳಬಂದ ಹಾಗೆ. 2020ರಲ್ಲಿ ಬ್ಲೂಮ್, ಜೋನ್ಸ್, ವ್ಯಾನ್ ರೀನನ್, ವೆಬ್ ಕೊಟ್ಟ ಲೆಕ್ಕವೂ ಇದೇ ದಿಕ್ಕಿನದು: ಮೂರ್ ನಿಯಮದ (ಕಂಪ್ಯೂಟರ್ ಚಿಪ್‌ನ ಸಾಂದ್ರತೆ ಸುಮಾರು ಎರಡು ವರ್ಷಕ್ಕೊಮ್ಮೆ ದುಪ್ಪಟ್ಟಾಗುವುದು) ವೇಗ ಉಳಿಸಿಕೊಳ್ಳಲು 1970ರ ದಶಕದ ಆರಂಭಕ್ಕಿಂತ 18 ಪಟ್ಟು ಹೆಚ್ಚು ಸಂಶೋಧಕರು ಬೇಕಾಗಿದ್ದಾರೆ.

ಈ ಶೀಟಿನ ದೊಡ್ಡ ಬಲೆ ಜ್ಞಾನದ ಆರಂಭಿಕ ಸಂಖ್ಯೆ. ಘಾತಾಂಕ 1 ಇದ್ದಾಗ 1 ಇಡಿ, 100 ಇಡಿ, ಫಲಿತಾಂಶ ಒಂದೇ. ಘಾತಾಂಕ 0.5 ಮಾಡಿ 100ರಿಂದ ಹೊರಟರೆ ಶೇ. 2 ಇದ್ದದ್ದು ಶೇ. 0.2 ಆಗುತ್ತದೆ. ಘಾತಾಂಕ ಬದಲಿಸಿದಾಗಲೆಲ್ಲ ಗುಣಕವನ್ನು ಮೊದಲ ವರ್ಷಕ್ಕೆ ಹೊಂದಿಸಿ.

ಬಾಕಿ

ಅಘಿಯೊನ್ ಮತ್ತು ಹೋವಿಟ್, 1992: ಹೊಸದು ಬಂದು ಹಳೆಯದನ್ನು ತಳ್ಳುವ ಮಾದರಿ. ಪ್ರತಿ ಜಿಗಿತ ಶೇ. 10, ಜಿಗಿತದ ಸಂಭವ ವರ್ಷಕ್ಕೆ 0.21 ಎಂದಿಟ್ಟರೆ ಸರಾಸರಿ ಶೇ. 2. ಆದರೆ 40 ವರ್ಷದ ಒಂದು ಓಟದಲ್ಲಿ ಜಿಗಿತಗಳು 6 ಇರಬಹುದು, 11 ಇರಬಹುದು, ಬೆಳವಣಿಗೆ ಶೇ. 1.4ರಿಂದ 2.6ರವರೆಗೆ ಓಲಾಡುತ್ತದೆ. ಯಾವುದೇ ಸೆಲ್ ತಿದ್ದಿದರೂ ಯಾದೃಚ್ಛಿಕ ಸಂಖ್ಯೆಗಳು ಬದಲಾಗುವುದರಿಂದ ಅವನ್ನು ಮೌಲ್ಯಗಳಾಗಿ ಪೇಸ್ಟ್ ಮಾಡಿಟ್ಟ ಮೇಲೆಯೇ ಹೋಲಿಕೆ.

ಇವರಿಬ್ಬರ ಜೊತೆ 2025ರ ನೊಬೆಲ್ ಹಂಚಿಕೊಂಡ ಜೋಯಲ್ ಮೊಕಿರ್ ಜ್ಞಾನವನ್ನು ಎರಡಾಗಿ ಒಡೆಯುತ್ತಾರೆ: ಪ್ರಕೃತಿ ಹೇಗಿದೆ ಎಂಬ ತಿಳಿವಳಿಕೆ, ಕೆಲಸ ಹೇಗೆ ಮಾಡಬೇಕೆಂಬ ತಿಳಿವಳಿಕೆ, ಒಂದು ಇನ್ನೊಂದನ್ನು ಬೆಳೆಸುತ್ತದೆ. ಎರಡು ಕಾಲಂ ಮಾಡಿ ಒಂದಕ್ಕೊಂದು ಜೋಡಿಸಿದರೆ ದೋಷ 522, ಅಂದರೆ ಸೂತ್ರ ತನ್ನನ್ನೇ ಸುತ್ತುತ್ತಿದೆ. ಎರಡನ್ನೂ ಹಿಂದಿನ ವರ್ಷದ ಸಾಲಿಗೆ ಕಟ್ಟಿದರೆ ಓಡುತ್ತದೆ. ಆದರೆ ಮೊಕಿರ್ ಬರೆದದ್ದು ಇತಿಹಾಸ. ಅದರಲ್ಲಿ ಘಾತಾಂಕ ಸಿಗುವುದಿಲ್ಲ. ಘಾತಾಂಕಗಳಿಗೆಂದು ಬಿಟ್ಟ ನಾಲ್ಕು ಸೆಲ್‌ಗಳಿಗೆ ಸದ್ಯಕ್ಕೆ ಹಳದಿ ಬಣ್ಣ ಬಳಿದಿದೆ.