ಹುಬ್ಬಳ್ಳಿಯಿಂದ ಓಂ ಬೀಚ್‌ಗೆ ಹೊರಡುವ ಮೊದಲು ಕ್ಯಾಲೆಂಡರ್ ನೋಡಿ

ಕಳೆದ ನವೆಂಬರ್‌ನಲ್ಲಿ ಅಮವಾಸ್ಯೆಯ ಮರುದಿನ ನಾವು ಗೋಕರ್ಣಕ್ಕೆ ಹೊರಟೆವು. ನಾನು, ಹೆಂಡತಿ, ಅವ್ವ, ಅಕ್ಕ, ಅಕ್ಕನ ಮಗ. "ಅಮಾಸಿ ಕಳದದ, ಇನ್ನೇನ್ ಅಡ್ಡಿಯಿಲ್ಲ" ಅಂತ ಅವ್ವನೇ ದಿನ ಗೊತ್ತು ಮಾಡಿದ್ದಳು. ಆದರೆ ಅಮವಾಸ್ಯೆ, ಹುಣ್ಣಿಮೆಯ ಆಸುಪಾಸಿನ ದಿನಗಳಲ್ಲೇ ಸಮುದ್ರ ಉಳಿದ ದಿನಗಳಿಗಿಂತ ಜಾಸ್ತಿ ಏರುತ್ತದೆ, ಜಾಸ್ತಿ ಇಳಿಯುತ್ತದೆ. ಇದು ನಮ್ಮ ಕಡೆಯವರಿಗೆ ಹೇಗೆ ಗೊತ್ತಿರಬೇಕು, ಅಲ್ವಾ? ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ದಾರಿ ಸುಲಭ. ಹುಬ್ಬಳ್ಳಿಯಿಂದ ಕಲಘಟಗಿ, ಯಲ್ಲಾಪುರ, ಅರಬೈಲ್ ಘಾಟ್ ಇಳಿದು ಅಂಕೋಲಾ ಹತ್ತಿರ ಹೆದ್ದಾರಿ 66 ಸೇರಬೇಕು. ಮುಂದೆ ಮಾದನಗೇರಿಯಲ್ಲಿ ಗೋಕರ್ಣಕ್ಕೆ ತಿರುಗಬೇಕು. ಒಟ್ಟು ಸುಮಾರು 150 ಕಿ.ಮೀ. ಬೆಳಿಗ್ಗೆ ಐದಕ್ಕೆ ಬಿಟ್ಟರೆ ಲಾರಿಗಳ ಕಾಟ ಕಡಿಮೆ. ಘಾಟಿನ ತಿರುವುಗಳಲ್ಲಿ ಹೊಟ್ಟೆ ತೊಳಸುವವರಿಗೆ ಒಂದು ನಿಂಬೆಹಣ್ಣು ಕೈಯಲ್ಲಿರಲಿ. ಗದಗ, ಹಾವೇರಿ ಕಡೆಯವರು ಬಸ್ಸಿನಲ್ಲಿ ಬರುವುದಾದರೆ ಹುಬ್ಬಳ್ಳಿಯಿಂದ ಅಂಕೋಲಾ ತನಕ ಬಂದು ಅಲ್ಲಿ ಬಸ್ ಬದಲಿಸಬಹುದು. ಮಳೆಗಾಲದಲ್ಲಿ ಮಾತ್ರ ಈ ದಾರಿ ಬೇಡ. 2024ರ ಜುಲೈನಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜನ ಸತ್ತಿದ್ದು ಇದೇ ಹೆದ್ದಾರಿಯಲ್ಲಿ.

ಓಂ ಬೀಚ್‌ಗೆ ಗಾಡಿ ಮೇಲಿನ ತನಕ ಹೋಗುತ್ತದೆ. ಅಲ್ಲಿಂದ ಮೆಟ್ಟಿಲು ಇಳಿಯಬೇಕು. ಮೊಣಕಾಲು ನೋವಿರುವ ಹಿರಿಯರಿದ್ದರೆ ಅವರನ್ನು ಊರೊಳಗಿನ ಗೋಕರ್ಣ ಬೀಚ್‌ಗೆ ಕರೆದೊಯ್ಯಿರಿ, ಅದು ದೇವಸ್ಥಾನದ ಹತ್ತಿರವೇ ಇದೆ, ಸಮತಟ್ಟು. ಅವ್ವನನ್ನು ಅಕ್ಕ ಅಲ್ಲಿಗೇ ಕರೆದುಕೊಂಡು ಹೋದಳು. ಮಹಾಬಲೇಶ್ವರನ ದರ್ಶನ ಬೆಳಿಗ್ಗೆಯೇ ಮುಗಿಸಿದ್ದರು. ಮಧ್ಯಾಹ್ನ ಬಾಗಿಲು ಹಾಕುತ್ತಾರೆ.

ಓಂ ಬೀಚ್ ಎಂದರೆ ಎರಡು ಅರ್ಧವೃತ್ತದ ದಂಡೆ, ನಡುವೆ ಸಮುದ್ರದೊಳಕ್ಕೆ ಚಾಚಿದ ಕಪ್ಪು ಬಂಡೆ. ಎಲ್ಲರೂ ಫೋಟೋಕ್ಕೆ ಏರುವುದು ಆ ಬಂಡೆಯ ಮೇಲೇ. ನಾವೂ ಏರಿದೆವು. ಬೆಳಿಗ್ಗೆ ಹನ್ನೊಂದರ ಹೊತ್ತು, ನೀರು ಏರುತ್ತಿತ್ತು. ನಾಲ್ಕೈದು ಅಲೆ ಬಂಡೆಯ ಬುಡಕ್ಕೆ ಬಡಿದು ಹಿಂದೆ ಹೋದವು. ಇಷ್ಟೇ ಇರಬೇಕು ಅಂದುಕೊಂಡೆವು. ಮುಂದಿನದು ನಮ್ಮ ತಲೆಯ ಎತ್ತರಕ್ಕೆ ಸಿಡಿಯಿತು. ಪಾಚಿ ಹಿಡಿದ ಕಲ್ಲಿನ ಮೇಲೆ ಅಕ್ಕನ ಮಗನ ಕಾಲು ಜಾರಿತು. ನಾನು ಅಂಗಿಯ ಕಾಲರ್ ಹಿಡಿದೆ, ಅಷ್ಟೇ. ಬಂಡೆಗೆ ಅಂಟಿದ ಚಿಪ್ಪುಗಳು ಅವನ ಮೊಣಕಾಲನ್ನು ಬ್ಲೇಡಿನಂತೆ ಸೀಳಿದ್ದವು. ಇವತ್ತಿಗೂ ಗುರುತಿದೆ. ಒದ್ದೆಯಾಗಿರುವ ಕಲ್ಲು ಕಂಡರೆ ಅಲ್ಲಿಯ ತನಕ ಅಲೆ ಬರುತ್ತದೆ ಅಂತಲೇ ತಿಳಿಯಿರಿ. ಒಣ ಕಲ್ಲಿನ ಮೇಲೆ, ಅಂಚಿನಿಂದ ದೂರ ನಿಲ್ಲಿ. ಸಮುದ್ರಕ್ಕೆ ಬೆನ್ನು ಮಾಡಿ ಸೆಲ್ಫಿ ತೆಗೆಯಲೇಬೇಡಿ.

ಆಮೇಲೆ ಮರಳಿನ ಕಡೆ ಬಂದೆವು. ನಮ್ಮ ಭಾಗದಲ್ಲಿ ಈಜು ಕಲಿಯುವುದು ಹೊಲದ ಬಾವಿಯಲ್ಲಿ, ಬೆನ್ನಿಗೆ ಡಬ್ಬಿ ಕಟ್ಟಿಕೊಂಡು. ನಾನೂ ಹಾಗೇ ಕಲಿತವನು. ಬಾವಿಯ ನೀರು ನಿಂತಲ್ಲೇ ಇರುತ್ತದೆ. ಇಲ್ಲಿ ಮೊಣಕಾಲುದ್ದ ನೀರಲ್ಲಿ ಸುಮ್ನೆ ನಿಂತರೂ, ಅಲೆ ಹಿಂದೆ ಸರಿಯುವಾಗ ಹಿಮ್ಮಡಿಯ ಕೆಳಗಿನ ಮರಳು ಕೊರೆದುಕೊಂಡು ಹೋಗುತ್ತದೆ. ಎರಡು ಅಲೆಗೆ ಒಂದು ಗೇಣು ಕೆಳಗಿಳಿದಿರುತ್ತೇವೆ. "ಮಾಮಾ, ಯಾರೋ ಉಸುಕು ಜಗ್ಗಲಿಕತ್ತಾರ" ಅಂತ ಹುಡುಗ ನನ್ನ ಕೈ ಬಿಗಿಯಾಗಿ ಹಿಡಿದ.

ಬಂಡೆಯ ಪಕ್ಕದಲ್ಲಿ ಒಂದು ಕಡೆ ನೊರೆಯೇ ಇರಲಿಲ್ಲ. ನೀರು ಸ್ವಲ್ಪ ಕಪ್ಪಗೆ, ತಣ್ಣಗೆ ಕಾಣುತ್ತಿತ್ತು. ಮಕ್ಕಳಿಗೆ ಅದೇ ಒಳ್ಳೆಯ ಜಾಗ ಅನ್ನಿಸಿತು. ಬಲೆ ಬಿಡಿಸುತ್ತಾ ಕೂತಿದ್ದ ಹಿರಿಯ ಮೀನುಗಾರರೊಬ್ಬರು ಕೂಗಿದರು: "ತಮ್ಮಾ, ನೊರೆ ಇಲ್ಲ ಅಂತ ಅಲ್ಲಿ ಇಳೀಬೇಡ. ನೊರೆ ಇಲ್ಲದಲ್ಲೇ ಸೆಳೆತ ಇರೋದು." ದಂಡೆಗೆ ಬಂದ ಅಷ್ಟೂ ನೀರು ವಾಪಸ್ ಹೋಗಬೇಕಲ್ಲ, ಅದು ತಗ್ಗಿನ ಕಾಲುವೆಯಂಥ ಜಾಗ ಹುಡುಕಿಕೊಂಡು ಒಟ್ಟಾಗಿ ಓಡುತ್ತದೆ. ಅಲ್ಲಿ ಅಲೆ ಒಡೆಯುವುದಿಲ್ಲ, ಅದಕ್ಕೇ ಶಾಂತವಾಗಿ ಕಾಣುತ್ತದೆ. ಬಂಡೆಗಳ ಪಕ್ಕದಲ್ಲಿ ಇದು ಜಾಸ್ತಿ. ಸಿಕ್ಕಿಬಿದ್ದರೆ ದಂಡೆಯತ್ತ ನೇರ ಈಜಿದರೆ ಸುಸ್ತಾಗಿ ಮುಳುಗುತ್ತೇವೆ. ಗಾಬರಿಯಾಗದೆ ತೇಲಬೇಕು, ಬಂಡೆಯಿಂದ ದೂರಕ್ಕೆ, ದಂಡೆಗೆ ಸಮಾನಾಂತರವಾಗಿ ಅಡ್ಡ ಈಜಬೇಕು. ಸೆಳೆತ ಬಿಟ್ಟ ಮೇಲೆ ಅಲೆ ಒಡೆಯುವ ಕಡೆಯಿಂದ ದಂಡೆಗೆ ಬರಬೇಕು. ಯಾರಾದರೂ ಸಿಕ್ಕಿಬಿದ್ದದ್ದು ಕಂಡರೆ ನೀವು ಹಾರಬೇಡಿ. ಖಾಲಿ ಕ್ಯಾನ್, ಹಗ್ಗ, ಏನಾದರೂ ಎಸೆಯಿರಿ, ಜೀವರಕ್ಷಕರನ್ನು ಕೂಗಿ, 112ಕ್ಕೆ ಕರೆ ಮಾಡಿ. 2024ರ ಡಿಸೆಂಬರ್‌ನಲ್ಲಿ ಮುರ್ಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ಹುಡುಗಿಯರು ಸಮುದ್ರಪಾಲಾದರು. ನೀರಿಗಿಳಿಯುವ ಮುಂಚೆ ಆ ಮಕ್ಕಳ ನೆನಪು ನನಗೆ ಬಂದೇ ಬರುತ್ತದೆ. ಜೀವರಕ್ಷಕರು ಸೀಟಿ ಊದಿದರೆ ವಾದ ಮಾಡದೆ ಹೊರಗೆ ಬನ್ನಿ.

ಸಂಜೆ ನಾನೂ ಹುಡುಗನೂ ಓಂನಿಂದ ಕುಡ್ಲೆ ಬೀಚ್‌ಗೆ ಗುಡ್ಡದ ಮೇಲಿನ ದಾರಿಯಲ್ಲಿ ನಡೆದೆವು. ಅರ್ಧ ಗಂಟೆ ಸಾಕು. ಕೆಂಪು ಕಲ್ಲಿನ ಗುಡ್ಡ, ಒಣ ಹುಲ್ಲು, ಕೆಳಗೆ ನೇರ ಸಮುದ್ರ. ನನ್ನನ್ನು ಕೇಳಿದರೆ ಇಡೀ ಪ್ರವಾಸದಲ್ಲಿ ಇದೇ ಚಂದ. ಅಲೆ ಎಲ್ಲಿ ಒಡೆಯುತ್ತದೆ, ಎಲ್ಲಿ ಕಪ್ಪು ಪಟ್ಟಿಯಾಗಿ ಹೊರಗೆ ಓಡುತ್ತದೆ ಅನ್ನುವುದು ಮೇಲಿನಿಂದ ನಕ್ಷೆಯಂತೆ ಕಾಣುತ್ತದೆ. ಮೊದಲು ಇಲ್ಲಿ ಬಂದು ನೋಡಿ ಆಮೇಲೆ ನೀರಿಗೆ ಇಳಿಯಬೇಕಿತ್ತು. ಅಂಚಿನ ಕಲ್ಲು ಪುಡಿಯಾಗಿ ಉದುರುತ್ತದೆ, ಹತ್ತಿರ ಹೋಗಬೇಡಿ. ಬೇಲಿ ಎಲ್ಲ ಕಡೆ ಇಲ್ಲ. ನವೆಂಬರ್‌ನಲ್ಲಿ ಆರು ಗಂಟೆಗೆಲ್ಲ ಸೂರ್ಯ ಮುಳುಗುತ್ತಾನೆ, ಬೇಗ ಕತ್ತಲಾಗುತ್ತದೆ. ಟಾರ್ಚ್ ಬೇಕೇ ಬೇಕು. ಚಪ್ಪಲಿ ಬೇಡ, ಬೂಟು ಹಾಕಿ. ಹಾಫ್ ಮೂನ್, ಪ್ಯಾರಡೈಸ್ ಬೀಚ್‌ಗಳು ಇನ್ನೂ ಮುಂದೆ. ಅಲ್ಲಿಗೆ ಗಾಡಿ ದಾರಿಯಿಲ್ಲ, ಹೋದರೆ ಬೆಳಿಗ್ಗೆಯೇ ಹೋಗಿ, ನೀರು ಜಾಸ್ತಿ ಒಯ್ಯಿರಿ.

ಊಟಕ್ಕೆ ತೊಂದರೆಯಿಲ್ಲ. ಅವ್ವನಿಗಂತ ಕಟ್ಟಿದ್ದ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಎರಡು ದಿನ ಬಂತು.

ವಾಪಸ್ ಬರುವಾಗ ಸಾಣಿಕಟ್ಟಾದ ಉಪ್ಪಿನ ಗದ್ದೆಗಳ ಹತ್ತಿರ ಗಾಡಿ ನಿಲ್ಲಿಸಿದೆವು. ಸಮುದ್ರದ ನೀರನ್ನು ಏರುವಾಗ ಒಳಗೆ ಬಿಟ್ಟುಕೊಂಡು ಬಿಸಿಲಲ್ಲಿ ಒಣಗಿಸುತ್ತಾರೆ. ಇಲ್ಲಿಯೂ ಲೆಕ್ಕ ಚಂದ್ರನದ್ದೇ. ಉಬ್ಬರದಿಂದ ಇಳಿತಕ್ಕೆ ಸುಮಾರು ಆರು ಗಂಟೆ, ದಿನಕ್ಕೆ ಐವತ್ತು ನಿಮಿಷದಷ್ಟು ತಡವಾಗುತ್ತಾ ಹೋಗುತ್ತದೆ. ಮಕ್ಕಳನ್ನು ಕರೆದೊಯ್ಯುವುದಾದರೆ ಅಷ್ಟಮಿಯ ಆಸುಪಾಸಿನ ದಿನ ಆರಿಸಿ, ಆಗ ಏರಿಳಿತ ಕಡಿಮೆ. ಬರುವ ಜನವರಿಗೆ ಅವ್ವ ಹಾಗೆಯೇ ದಿನ ನೋಡಿಟ್ಟಿದ್ದಾಳೆ. ಗೋಡೆಯ ಕ್ಯಾಲೆಂಡರ್‌ನಲ್ಲಿ ಅಷ್ಟಮಿಗೆ ಪೆನ್ನಿನಿಂದ ಗುಂಡು ಸುತ್ತಿದ್ದಾಳೆ.