ನಂದಿಯ ಬೂದು ಕಲ್ಲು, ಬೀದಿಯ ಗಿಳಿಹಸಿರು

ನಂದಿಗೆ ಹೋದವರು ಬೆಟ್ಟ ಹತ್ತಿ, ಮಂಜು ನೋಡಿ, ಫೋಟೋ ತೆಗೆದು ವಾಪಸ್ ಬರ್ತಾರೆ. ನಾವು ಈ ಸಲ ಬೆಟ್ಟದ ಬುಡದಲ್ಲಿರುವ ಊರಲ್ಲೇ ಉಳಿದೆವು. ಜೊತೆಗಿದ್ದ ಗೆಳೆಯ ಮನೆಗಳ ಇಂಟೀರಿಯರ್ ಮಾಡುವವನು. ಎಲ್ಲಿ ಹೋದರೂ ಮೊದಲು ಗೋಡೆ ನೋಡುತ್ತಾನೆ.

ಚಿಕ್ಕಬಳ್ಳಾಪುರದ ಹೊಸ ಲೇಔಟುಗಳಲ್ಲಿ ಈಗ ಮನೆಮನೆಗೂ ಬೂದು ಬಣ್ಣ. "ಬೂದು ನೋಡಿದ್ರೆ ಮನಸ್ಸೇ ಕುಗ್ಗುತ್ತೆ" ಅಂತ ದಾರಿಯುದ್ದಕ್ಕೂ ಗೊಣಗಿದ.

ಆಮೇಲೆ ಭೋಗನಂದೀಶ್ವರನ ಗುಡಿಯೊಳಗೆ ಬಂದೆವು. ಒಂಬತ್ತನೇ ಶತಮಾನದಲ್ಲಿ ಶುರುವಾದ ಗುಡಿ ಇದು. ಅರುಣಾಚಲೇಶ್ವರ, ಭೋಗನಂದೀಶ್ವರ, ನಡುವೆ ಉಮಾಮಹೇಶ್ವರ. ಅಲ್ಲೂ ಎಲ್ಲಿ ನೋಡಿದರೂ ಬೂದು. ಕಲ್ಯಾಣಮಂಟಪದ ಕಂಬಗಳಂತೂ ಕಡುಕಪ್ಪು, ಮೈತುಂಬ ಸಣ್ಣ ಕೆತ್ತನೆ. ಗೆಳೆಯ ಕಂಬಕ್ಕೊರಗಿ ಕೂತವನು ಏಳಲೇ ಇಲ್ಲ! ಹೊರಗೆ ಶೃಂಗಿತೀರ್ಥದ ಕಲ್ಯಾಣಿಗೆ ಹೋದರೆ ಅದೇ ಕಲ್ಲು. ಆದರೆ ಮಧ್ಯಾಹ್ನದ ಬಿಸಿಲಿಗೆ ಕಣ್ಣು ಕುಕ್ಕುತ್ತಿತ್ತು, ಮೆಟ್ಟಿಲು ಕಾಲು ಸುಡುತ್ತಿತ್ತು. ಐದು ನಿಮಿಷಕ್ಕೇ ಸಿಡಿಮಿಡಿ. ನನಗಂತೂ ಬಣ್ಣಕ್ಕಿಂತ ನೆರಳಿನ ಕೈವಾಡವೇ ಜಾಸ್ತಿ ಅನಿಸಿತು.

ಒಪ್ಪದೆ ಅವನು ಅಮೆರಿಕದ ಕಥೆ ತೆಗೆದ. 1979ರಲ್ಲಿ ಸಿಯಾಟಲ್‌ನ ನೌಕಾಪಡೆಯ ಬಂದೀಖಾನೆಯ ಒಂದು ಕೋಣೆಗೆ ಗುಲಾಬಿ ಬಣ್ಣ ಬಳಿದು, ಕೈದಿಗಳ ಸಿಟ್ಟು ಇಳಿಯಿತು ಅಂದರಂತೆ. ಆ ಬಣ್ಣಕ್ಕೆ ಬೇಕರ್-ಮಿಲ್ಲರ್ ಗುಲಾಬಿ ಅಂತ ಹೆಸರು. ಸರಿ, ಆದರೆ 2015ರಲ್ಲಿ ಸ್ವಿಟ್ಜರ್ಲೆಂಡಿನ ಜೈಲಿನಲ್ಲಿ ಇನ್ನಷ್ಟು ಎಚ್ಚರಿಕೆಯಿಂದ ಪರೀಕ್ಷೆ ಮಾಡಿದಾಗ ಅಂಥದ್ದೇನೂ ಕಾಣಲಿಲ್ಲ. ಅದನ್ನು ಬಣ್ಣ ಮಾರುವವರು ಹೇಳುವುದಿಲ್ಲ, ಅಲ್ವಾ?

ಗುಡಿಯ ಹಿಂದಿನ ಬೀದಿಯಲ್ಲಿ ಒಂದು ಮನೆಗೆ ಕಣ್ಣಿಗೆ ಹೊಡೆಯುವ ಗಿಳಿಹಸಿರು. ಜಗಲಿಯಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದ ಅಜ್ಜಿಯನ್ನು ಗೆಳೆಯ ಕೇಳಿಯೇಬಿಟ್ಟ: "ಯಾಕಜ್ಜಿ ಈ ಬಣ್ಣ?"

"ಮಗ ಹೊಡೆಸಿದ ಕಣಪ್ಪ. ಬಿಳಿ ಹೊಡೆದ್ರೆ ಮಣ್ಣು ಹಾರಿ ಮಳೆಗಾಲದೊಳಗೆ ಕೆಂಪಾಗೋಗುತ್ತೆ."

"ಒಳಗೆ ಸೆಕೆ ಇಲ್ವಾ?"

"ಬ್ಯಾಸಿಗೇಲಿ ಮಾಳಿಗೆ ಮೇಲೆ ಸುಣ್ಣ ಬಳೀತೀವಿ. ತಣ್ಣಗಿರುತ್ತೆ."

ಬಿಳಿ ಮಾಳಿಗೆ ಬಿಸಿಲನ್ನು ವಾಪಸ್ ಕಳಿಸುತ್ತದೆ, ಕಾಂಕ್ರೀಟು ಅಷ್ಟು ಕಾಯುವುದಿಲ್ಲ. ಪೇಂಟ್ ಕಂಪನಿಗಳು ಇದನ್ನೇ ಕೂಲ್ ರೂಫ್ ಅಂತ ಮಾರುತ್ತವೆ. ಗೆಳೆಯ ಗೋಡೆ ಬಿಟ್ಟು ಏಣಿ ಎಲ್ಲಿದೆ ಅಂತ ಹುಡುಕತೊಡಗಿದ. ಅಜ್ಜಿ ಹುಣಸೆಬೀಜ ಗುಡ್ಡೆ ಮಾಡುತ್ತಾ, "ಹತ್ತು, ಬೀಳಬೇಡ" ಅಂದರು.