ಚಿಪ್ ರೀಡರ್, ಭಾಗ 3: ಬೆಕ್ಕಿಗೆ ಕಟ್ಟಿದ್ದು ನಾಯಿಗೆ ಬಂತು

ದೀಪಾವಳಿಯ ಮಾರನೇ ದಿನ ಹಾಲು ತರೋಣ ಅಂತ ಗೇಟ್ ತೆಗೆದರೆ ಸ್ಕೂಟರ್ ಹಿಂದೆ ನಡುಗುತ್ತಾ ಒಂದು ಲ್ಯಾಬ್ರಡಾರ್. ಪಟಾಕಿ ಸದ್ದಿಗೆ ಎಲ್ಲಿಂದಲೋ ಓಡಿ ಬಂದದ್ದು. ಕೊರಳಲ್ಲಿ ಪಟ್ಟಿ ಇಲ್ಲ, ಆದರೆ ಪಟ್ಟಿ ಉಜ್ಜಿ ಕೂದಲು ಸವೆದ ಗುರುತಿತ್ತು. ನೀರು, ಮೊಸರನ್ನ, ಹಗ್ಗ, ಫೋಟೋ, ಬಡಾವಣೆಯ ವಾಟ್ಸಾಪ್ ಗುಂಪು, ಎಲ್ಲ ಆಯ್ತು. ನಾಲಿಗೆ ಮೇಲಿನ ಕಪ್ಪು ಮಚ್ಚೆಯನ್ನ ಮಾತ್ರ ಬೇಕಂತಲೇ ಫೋಟೋದಲ್ಲಿ ತೋರಿಸಲಿಲ್ಲ. 'ನಮ್ಮದೇ' ಅಂತ ಬಂದವರನ್ನ ಕೇಳೋಕೆ ಒಂದು ಪ್ರಶ್ನೆ ಇರಲಿ ಅಂತ.

ಹತ್ತಿರದ ಕ್ಲಿನಿಕ್ ಹಬ್ಬಕ್ಕೆ ಮುಚ್ಚಿತ್ತು. ತೆರೆದಿದ್ದ ಇನ್ನೊಂದರಲ್ಲಿ, ಸಾಕುಪ್ರಾಣಿಯ ಚರ್ಮದಡಿ ಗುರುತಿಗೆ ಅಂತ ಹಾಕೋ ಚಿಪ್ಪನ್ನ ಓದುವ ಸ್ಕ್ಯಾನರೇ ಇಲ್ಲ. ಇರಲಿ, ನನ್ನ ಮೇಜಿನ ಮೇಲೆ ಒಂದಿತ್ತಲ್ಲ! ನಮ್ಮ ಬೆಕ್ಕಿಗೆ ಮಾತ್ರ ತೆರೆಯುವ ಕಿಂಡಿ ಮಾಡೋಕೆ ಹೊರಟು ಕಟ್ಟಿದ್ದ 134.2 ಕಿಲೋಹರ್ಟ್ಸ್ ರೀಡರ್. ಉಪ್ಪಿನಕಾಯಿ ಡಬ್ಬಿಯ ಮುಚ್ಚಳಕ್ಕೆ ತಂತಿಯ 88 ಸುತ್ತು ಹಾಕಿದ ಕಾಯಿಲ್ (1.4 ಮಿಲಿಹೆನ್ರಿ), ಜೊತೆಗೆ 1 ನ್ಯಾನೋಫ್ಯಾರಡ್ ಕೆಪಾಸಿಟರ್; ಎರಡೂ ಸೇರಿ ಆ 134.2ಕ್ಕೇ ಅನುರಣಿಸಬೇಕು. ಬೆಕ್ಕಿನ ಚಿಪ್ಪನ್ನ 4 ಸೆಂ.ಮೀ.ನಿಂದ ಓದುತ್ತಿತ್ತು.

ನಾಯಿ ಮೇಲೆ ಇಟ್ಟೆ. ಏನೂ ಇಲ್ಲ. ಹೆಗಲ ಮಧ್ಯೆ ಹತ್ತು ಸಲ ತಿಕ್ಕಿದೆ. "ನಾಯಿಗೆ ಇಸ್ತ್ರಿ ಹಾಕ್ತಿದ್ದೀಯೇನೋ?" ಅಂದರು ಅಮ್ಮ.

ಚಿಪ್ ಹಾಕಿಸಿಯೇ ಇಲ್ಲ ಅಂದುಕೊಂಡು ಬಿಡಬಹುದಿತ್ತು. ಆದರೆ ಸ್ಕೋಪ್ (ವಿದ್ಯುತ್ ಅಲೆಯನ್ನ ಪರದೆ ಮೇಲೆ ತೋರಿಸೋ ಉಪಕರಣ) ಹಚ್ಚಿದರೆ ಅನುರಣನದ ಶಿಖರ 134.2 ಬಿಟ್ಟು 141 ಕಿಲೋಹರ್ಟ್ಸ್ ಹತ್ತಿರ ಕೂತಿದೆ! ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್.ಪಿ. ರೋಡಿನಲ್ಲಿ ಫಿಲ್ಮ್ ಕೆಪಾಸಿಟರ್ ಕೇಳಿದ್ದೆ, ಅಂಗಡಿಯವನು ಸೆರಾಮಿಕ್ ಕೊಟ್ಟು "ಎಲ್ಲಾ ಒಂದೇ ಸಾರ್" ಅಂದಿದ್ದ. ಒಂದೇ ಅಲ್ಲಪ್ಪ. ಕಾಯಿಲ್ ಮೇಲೆ ಹತ್ತಾರು ವೋಲ್ಟ್ ಏರಿದಾಗ ಅಗ್ಗದ ಸೆರಾಮಿಕ್‌ನ ಧಾರಣೆಯೇ (ಕೆಪಾಸಿಟರಿನ ಮೌಲ್ಯ) ಕುಸಿಯುತ್ತೆ, ಶಿಖರ ಮೇಲಕ್ಕೆ ಸರಿಯುತ್ತೆ. ಹಳೇ ಬೋರ್ಡಿನಿಂದ ಪಾಲಿಪ್ರೊಪಿಲೀನ್ ಫಿಲ್ಮ್ ಕೆಪಾಸಿಟರ್ ಒಂದನ್ನ ಕಿತ್ತು ಇಲ್ಲಿಗೆ ಹಾಕಿದೆ, ಲ್ಯಾಪ್‌ಟಾಪ್ ಚಾರ್ಜರಿನ ವಿದ್ಯುತ್ ಗಲಾಟೆ ಬೇಡ ಅಂತ ಬ್ಯಾಟರಿಗೂ ಬದಲಾಯಿಸಿದೆ. ಬೆಕ್ಕು ಈಗ 7 ಸೆಂ.ಮೀ.ನಿಂದ ಓದಿಸಿಕೊಂಡಿತು. ನಾಯಿ? ಊಹೂಂ.

ರಾತ್ರಿ ಹನ್ನೊಂದಕ್ಕೆ ಬುದ್ಧಿ ಬಂತು. ಚಪ್ಪಟೆ ಕಾಯಿಲ್‌ನ ನಟ್ಟನಡುವೆ ಕಾಂತಕ್ಷೇತ್ರ ನೆಟ್ಟಗೆ ನಿಂತಿರುತ್ತೆ. ಚಿಪ್ಪಿನೊಳಗೆ ಆ ಕ್ಷೇತ್ರವನ್ನ ಹಿಡಿಯೋ ಫೆರೈಟ್ ಕಡ್ಡಿ ಚರ್ಮದಡಿ ಅಡ್ಡಡ್ಡ ಮಲಗಿರುತ್ತೆ, ಕ್ಷೇತ್ರ ಅದರ ಉದ್ದಕ್ಕೆ ಹಾಯ್ದರೆ ತಾನೇ ಅದು ಹಿಡಿಯೋದು. ಅಂದರೆ ನಾನು ಗುರಿಯಿಟ್ಟು ಹಿಡಿಯುತ್ತಿದ್ದ ನಡುಭಾಗವೇ ಕುರುಡು! ಬೆಕ್ಕನ್ನ ಓದಿದ್ದು ಅದು ಒದ್ದಾಡಿ ಮುಚ್ಚಳದ ಅಂಚಿಗೆ ಬಂದಾಗ ಮಾತ್ರ ಅಂತ ಆಗ ಹೊಳೀತು. ಈಗ ಅಂಚನ್ನ ಹಿಡಿದು, ಎರಡು ದಿಕ್ಕಿಗೂ ತಿರುಗಿಸುತ್ತಾ, ನಿಧಾನವಾಗಿ ಮೈಯೆಲ್ಲ ಸವರಿದೆ. ಎಡ ಮುಂಗಾಲಿನ ಭುಜದ ಕೆಳಗೆ ಬೀಪ್! ಅಕ್ಕಿಕಾಳಿನಷ್ಟಿರೋ ಗಾಜಿನ ಕೊಳವೆ ಹೆಗಲಿನಿಂದ ಅಲ್ಲಿಗೆ ಜಾರಿತ್ತು. ಸಿಆರ್‌ಸಿ (ಓದಿದ್ದರಲ್ಲಿ ತಪ್ಪಿದೆಯಾ ಅಂತ ನೋಡೋ ತಾಳೆ ಲೆಕ್ಕ) ಸರಿ, 15 ಅಂಕಿ ಸರಿ. ನಾಯಿ ನನ್ನ ಮುಖ ನೆಕ್ಕಿತು, ಹಾಗೇ ಹಳೇ ಕಾಯಿಲನ್ನ ಅಗಿದು ಹಾಕಿತು.

ಚಿಪ್ಪಿನಲ್ಲಿ ಜಿಪಿಎಸ್ಸೂ ಇಲ್ಲ, ಫೋನ್ ನಂಬರೂ ಇಲ್ಲ, ಬರೀ ಸಂಖ್ಯೆ. ಮೊದಲ ಮೂರು ಅಂಕಿ ಭಾರತದ 356 ಆಗಿರಲಿಲ್ಲ, 900ರ ಮೇಲಿತ್ತು, ಅಂದರೆ ತಯಾರಕರ ಕೋಡ್. ಮರುದಿನ ಅವರ ವಿತರಕರಿಗೆ ಫೋನ್ ಮಾಡಿದ್ದಕ್ಕೆ ಚಿಪ್ ಯಾವ ಕ್ಲಿನಿಕ್ಕಿಗೆ ಹೋಗಿದೆ ಅಂತ ತಿಳೀತು. ಕ್ಲಿನಿಕ್‌ನವರು ಮಾಲೀಕರ ನಂಬರು ನನಗೆ ಕೊಡಲಿಲ್ಲ, ತಾವೇ ಫೋನ್ ಮಾಡಿದರು. ಅದೇ ಸರಿ. ಸಂಜೆ ದಂಪತಿ ಬಂದರು. ನಾಲಿಗೆ ಮಚ್ಚೆ ಕೇಳೋ ಮೊದಲೇ ಹೇಳಿದರು. ಲಸಿಕೆ ಪುಸ್ತಕದಲ್ಲಿದ್ದ ಬಾರ್‌ಕೋಡ್ ಸ್ಟಿಕರಿನ 15 ಅಂಕಿಯೂ ತಾಳೆಯಾಯ್ತು. ಮೂರು ವರ್ಷದ ಹಿಂದೆ ಮನೆ ಬದಲಾಯಿಸಿದಾಗ ವಿಳಾಸ ತಿದ್ದಿಸಿರಲಿಲ್ಲವಂತೆ. ಅದೃಷ್ಟಕ್ಕೆ ಫೋನ್ ನಂಬರು ಹಳೆಯದೇ ಇತ್ತು.

ಕಿಂಡಿಗೆ ಈಗ ಎರಡು ಕಾಯಿಲ್, ಒಂದಕ್ಕೊಂದು ಅಡ್ಡ, ಒಂದಾದ ಮೇಲೊಂದು ಓಡಿಸೋದು. ಬೀಗಕ್ಕೆ ಸರ್ವೋ (ಪುಟ್ಟ ಮೋಟಾರು) ಬೇಡ, ಸದ್ದಿಗೆ ಬೆಕ್ಕು ಹೆದರುತ್ತೆ. ಹಳೇ ವಾಷಿಂಗ್ ಮೆಷಿನ್ನಿನ ಬಾಗಿಲ ಲಾಕ್ ಯಾರ ಹತ್ತಿರವಾದರೂ ಇದ್ದರೆ ಹೇಳಿ.